ಪ್ರಯೋಗಶಾಲೆಯ ಬೀಗ ತೆಗೆಯಿರಿ

ಹಿರೇಹಡಗಲಿಯ ಹಿರಿಯರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಿಂದ ಬಂದಿರುವ ಅಧ್ಯಾಪಕ ಮಿತ್ರರೇ, ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ,

ಈ ಊರಿನ ಹೆಸರನ್ನು ಇತಿಹಾಸ ಓದಿದವರೆಲ್ಲ ಬಲ್ಲರು. ಪಲ್ಲವ ಅರಸು ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ ಸಿಕ್ಕಿದ್ದು ಇಲ್ಲಿ. ಕಾಂಚೀಪುರದಿಂದ ಹೊರಟ, ನಾಲ್ಕನೆಯ ಶತಮಾನದ ಆ ಎಂಟು ಹಲಗೆಗಳಲ್ಲಿ ಸಾತಾಹನಿ ರಟ್ಟವೆಂಬ ನಾಡಿನ ಒಂದು ತೋಟದ ದಾನದ ಮಾತಿದೆ. ಬ್ಯೂಲರ್ ಅವರು ಅದನ್ನು ಅಕ್ಷರ ಅಕ್ಷರವಾಗಿ ಓದಿ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲೇ ಪ್ರಕಟಿಸಿದರು. ಇಂಥ ಊರಿನಲ್ಲಿ ಸಮ್ಮೇಳನದ ಅಧ್ಯಕ್ಷನ ಕುರ್ಚಿಗೆ ಸಾಹಿತಿಯನ್ನೋ ಇತಿಹಾಸಕಾರರನ್ನೋ ಕರೆಯುವುದು ವಾಡಿಕೆ. ನೀವು ಪೆಪ್ಟೈಡ್‌ಗಳನ್ನು ಕಟ್ಟುತ್ತ ಆಯುಷ್ಯ ಕಳೆದ ರಸಾಯನ ಸಂಶೋಧಕರೊಬ್ಬರನ್ನು ಕರೆದಿದ್ದೀರಿ. ಕೃತಜ್ಞತೆ ಸಲ್ಲಿಸುವುದಕ್ಕೆ ನನಗೆ ತಿಳಿದ ದಾರಿ ಒಂದೇ: ನಾನು ಮಾಡಿದ ಕೆಲಸ ಎಂಥದು, ಅದಕ್ಕೂ ಈ ಸೀಮೆಗೂ ಏನು ಸಂಬಂಧ ಎಂದು ಬಿಡಿಸಿ ಹೇಳುವುದು. ಆಮೇಲೆ ಒಂದು ಬೇಡಿಕೆಯನ್ನೂ ಇಡುತ್ತೇನೆ.

ಹಡಗಲಿ ಎಂದರೆ ಮಲ್ಲಿಗೆ. ಆ ಪರಿಮಳವನ್ನು ಬಿಡಿಸಿ ನೋಡಿದರೆ ಬೆಂಜೈಲ್ ಅಸಿಟೇಟ್ ಎಂಬ ಪದಾರ್ಥ ಎದ್ದು ಕಾಣುತ್ತದೆ. ಇಂಡೋಲ್ ಎಂಬ ಇನ್ನೊಂದು ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ನನ್ನ ವೃತ್ತಿಗೆ ಈ ಎರಡೂ ಹಳೆಯ ಪರಿಚಯದವು. ನಾವು ತಿನ್ನುವ ಬೇಳೆ, ಕುಡಿಯುವ ಹಾಲಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದ ಪಕ್ಕದಲ್ಲಿ ನೇತಾಡುವ ಉಂಗುರವೇ ಆ ಇಂಡೋಲ್. ಇನ್ನು ಬೆಂಜೈಲ್ ಗುಂಪು ಇಲ್ಲದಿದ್ದರೆ ಪೆಪ್ಟೈಡ್ ಸಂಶ್ಲೇಷಣೆ ಎಂಬ ವಿದ್ಯೆ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ. ಏಕೆಂದು ಹೇಳುತ್ತೇನೆ.

ಅಮೈನೋ ಆಮ್ಲಕ್ಕೆ ಎರಡು ತುದಿ. ಒಂದು ಅಮೈನ್, ಇನ್ನೊಂದು ಆಮ್ಲ. ಒಂದರ ಆಮ್ಲದ ತುದಿ ಮತ್ತೊಂದರ ಅಮೈನ್ ತುದಿಗೆ ಕೂಡಿದರೆ ಪೆಪ್ಟೈಡ್ ಬಂಧ. ಹೀಗೆ ಕೂಡುತ್ತ ಹೋದರೆ ಸರಪಳಿ. ಬಾಯಲ್ಲಿ ಹೇಳಲು ಸುಲಭ. ಆದರೆ ಪಾತ್ರೆಯೊಳಗೆ ಎರಡು ಬಗೆಯ ಅಮೈನೋ ಆಮ್ಲಗಳನ್ನು ಹಾಕಿ ಕೂಡಿಸಹೊರಟರೆ ಯಾವುದು ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಕೂಡಬಾರದ ತುದಿಗೆ ಮುಸುಕು ಹಾಕಬೇಕು, ಕೂಡಬೇಕಾದದ್ದನ್ನು ಮಾತ್ರ ತೆರೆದಿಡಬೇಕು, ಕೆಲಸ ಮುಗಿದ ಮೇಲೆ ಹೊಸ ಬಂಧಕ್ಕೆ ಪೆಟ್ಟಾಗದಂತೆ ಮುಸುಕು ತೆಗೆಯಬೇಕು. ಎಮಿಲ್ ಫಿಷರ್ 1901ರಲ್ಲಿ ಎರಡು ಗ್ಲೈಸಿನ್‌ಗಳು ಕೂಡಿದ ಪೆಪ್ಟೈಡನ್ನು ತಯಾರಿಸಿದಾಗಿನಿಂದ ಮೂರು ದಶಕ ಈ ಮುಸುಕಿನ ಪ್ರಶ್ನೆಯೇ ಎಲ್ಲರನ್ನೂ ಕಾಡಿತು. 1932ರಲ್ಲಿ ಬರ್ಗ್‌ಮನ್ ಮತ್ತು ಜೆರ್ವಾಸ್ ಬೆಂಜೈಲ್ ಗುಂಪಿರುವ ಒಂದು ಮುಸುಕನ್ನು ಕಂಡುಹಿಡಿದರು. ಪಲೇಡಿಯಂ ಪುಡಿಯ ಜೊತೆ ಹೈಡ್ರೋಜನ್ ಹಾಯಿಸಿದರೆ ಅದು ಟಾಲ್ವೀನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತದೆ. ಪೆಪ್ಟೈಡ್ ಬಂಧ ಮಾತ್ರ ಹಾಗೆಯೇ ಉಳಿಯುತ್ತದೆ.

1953 ನಮ್ಮ ಸೀಮೆಗೆ ಮರೆಯಲಾಗದ ವರ್ಷ. ಮದ್ರಾಸ್ ರಾಜ್ಯದಲ್ಲಿದ್ದ ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳು ಆ ವರ್ಷದ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದವು. ನನ್ನ ವಿಷಯಕ್ಕೂ ಅದೇ ವರ್ಷ ದೊಡ್ಡದು. ಏಪ್ರಿಲ್‌ನಲ್ಲಿ ಡಿಎನ್‌ಎಯ ಜೋಡಿ ಸುರುಳಿ ಪ್ರಕಟವಾಯಿತು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಹಾರ್ಮೋನನ್ನು ಕೈಯಿಂದ ಕಟ್ಟಿದರು. ಪ್ರಯೋಗಶಾಲೆಯಲ್ಲಿ ಕಟ್ಟಿದ ಮೊದಲ ಪೆಪ್ಟೈಡ್ ಹಾರ್ಮೋನ್ ಅದು. ಎರಡೇ ವರ್ಷಕ್ಕೆ ಅವರಿಗೆ ನೊಬೆಲ್ ಬಂತು.

ಆಕ್ಸಿಟೋಸಿನ್‌ನಲ್ಲಿರುವುದು ಒಂಬತ್ತೇ ಅಮೈನೋ ಆಮ್ಲಗಳು. ಇಲ್ಲಿನ ಹೆಣ್ಣುಮಕ್ಕಳು ಮಾಲೆ ಕಟ್ಟುವಾಗ ಒಂದು ಮೊಗ್ಗು ಆಚೀಚೆ ಆದರೂ ಮಾಲೆ ಮಾಲೆಯೇ. ಪೆಪ್ಟೈಡ್‌ನಲ್ಲಿ ಹಾಗಿಲ್ಲ. ಆಕ್ಸಿಟೋಸಿನ್‌ನ ಒಂಬತ್ತರಲ್ಲಿ ಎರಡನ್ನು ಬದಲಿಸಿದರೆ ವಾಸೋಪ್ರೆಸಿನ್ ಆಗುತ್ತದೆ. ಮೊದಲನೆಯದು ಗರ್ಭಕೋಶವನ್ನು ಸಂಕುಚಿಸುತ್ತದೆ, ಎರಡನೆಯದು ಮೂತ್ರಪಿಂಡದಲ್ಲಿ ನೀರನ್ನು ಹಿಡಿದಿಡುತ್ತದೆ. ಅಣುವಿನ ಇಷ್ಟು ಸಣ್ಣ ವ್ಯತ್ಯಾಸಕ್ಕೆ ದೇಹ ಇಷ್ಟು ಬೇರೆಯಾಗಿ ಉತ್ತರಿಸುತ್ತದೆಂದು ತಿಳಿದಾಗಲೇ ನಾನು ಈ ವಿಷಯಕ್ಕೆ ಮನಸೋತೆ.

ಈ ಒಂಬತ್ತು ಕೊಂಡಿಗಳು ನಿಮಗೆ ಅಪರಿಚಿತವಲ್ಲ. ಹೆರಿಗೆಯಾದ ಕೂಡಲೇ ತಾಯಿಯ ತೊಡೆಗೆ ಕೊಡುವ ಹತ್ತು ಯೂನಿಟ್ ಚುಚ್ಚುಮದ್ದು ಅದೇ. ರಕ್ತಸ್ರಾವವಾಗಿ ಬಾಣಂತಿ ಸಾಯುವುದನ್ನು ತಡೆಯಲು ಜಗತ್ತಿನಾದ್ಯಂತ ಮೊದಲು ಕೈಗೆತ್ತಿಕೊಳ್ಳುವ ಔಷಧ ಅದೇ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಈ ಊರುಗಳಲ್ಲಿ ಹೆರಿಗೆಯ ರಾತ್ರಿ ಮನೆಗೆ ಮನೆಯೇ ಉಸಿರು ಹಿಡಿದು ಕುಳಿತಿರುತ್ತಿತ್ತು. ಎಷ್ಟು ತಾಯಂದಿರು ಬೆಳಗು ಕಾಣಲಿಲ್ಲ ಎಂಬುದನ್ನು ಹಿರಿಯರು ಬಲ್ಲಿರಿ. ಆ ಸ್ಥಿತಿ ಬದಲಾದದ್ದಕ್ಕೆ ದಾದಿಯರು, ರಸ್ತೆಗಳು, ಆಸ್ಪತ್ರೆಗಳು ಎಲ್ಲವೂ ಕಾರಣ. ಅವುಗಳ ಜೊತೆಗೆ ಒಬ್ಬ ರಸಾಯನ ವಿಜ್ಞಾನಿ ದ್ರವ ಅಮೋನಿಯಾದಲ್ಲಿ ಸೋಡಿಯಂ ಕರಗಿಸಿ ಮುಸುಕು ತೆಗೆದ ಕೆಲಸವೂ ಒಂದು ಕಾರಣ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಅದೇ ಔಷಧವನ್ನು ಎಮ್ಮೆ ಹಾಲು ಸೊರೆಬಿಡಲಿ ಎಂದು ದಿನಕ್ಕೆರಡು ಸಲ ಚುಚ್ಚುವವರೂ ಇದ್ದಾರೆ. ಆ ದುರುಪಯೋಗ ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವ ಹಕ್ಕನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದಕ್ಕೇ ಸೀಮಿತಗೊಳಿಸಲು ಹೊರಟಿತು. ಇಡೀ ದೇಶದ ಬಾಣಂತಿಯರ ಔಷಧ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಳ್ಳಬಾರದು ಎಂಬ ಆತಂಕ ಎದ್ದಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಅದು ಸರಿಯಾದ ತೀರ್ಪು ಎಂದು ನನ್ನ ಅಭಿಪ್ರಾಯ. ಕೊಟ್ಟಿಗೆಯಲ್ಲಿ ಆಗುವ ತಪ್ಪಿನ ಬೆಲೆಯನ್ನು ಹೆರಿಗೆ ಕೋಣೆಯಲ್ಲಿರುವ ತಾಯಿ ತೆರಬಾರದು.

ಆಕ್ಸಿಟೋಸಿನ್‌ಗೆ ಒಂದು ದೌರ್ಬಲ್ಯವಿದೆ: ಬಿಸಿ ತಾಳದು. ಎರಡರಿಂದ ಎಂಟು ಡಿಗ್ರಿಯ ತಂಪು ಬೇಕು. ಏಪ್ರಿಲ್ ತಿಂಗಳ ನಮ್ಮ ಬಿಸಿಲು, ನಡುನಡುವೆ ಹೋಗುವ ಕರೆಂಟು, ಇವೆರಡನ್ನೂ ಬಲ್ಲ ನಿಮಗೆ ಇದರ ಅರ್ಥ ವಿವರಿಸಬೇಕಿಲ್ಲ. ರಸಾಯನ ವಿಜ್ಞಾನಿಗಳು ಇದಕ್ಕೂ ಉಪಾಯ ಹುಡುಕಿದರು. ಆಕ್ಸಿಟೋಸಿನ್‌ನ ಉಂಗುರವನ್ನು ಹಿಡಿದಿರುವುದು ಗಂಧಕ-ಗಂಧಕ ಬಂಧ. ಅದರಲ್ಲಿ ಒಂದು ಗಂಧಕದ ಜಾಗಕ್ಕೆ ಇಂಗಾಲವನ್ನು ತಂದು, ಇನ್ನೊಂದೆರಡು ಬದಲಾವಣೆ ಮಾಡಿದ ಅಣು ಕಾರ್ಬೆಟೋಸಿನ್. ಅದರ ಹೊಸ ದ್ರಾವಣಕ್ಕೆ ಶೀತಕ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳಲ್ಲಿ ಸುಮಾರು 30 ಸಾವಿರ ತಾಯಂದಿರೊಂದಿಗೆ ಅದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಭಾಗಿಗಳು. ಒಂದು ಅಣುವಿನಲ್ಲಿ ಕೆಲವು ಪರಮಾಣುಗಳನ್ನು ಬದಲಿಸುವ ಕೆಲಸ ಬಿಸಿಲ ನಾಡಿನ ಉಪಕೇಂದ್ರದವರೆಗೆ ಬರುವ ದಾರಿ ಇದು.

ಇನ್ನು ಕೆಲಸದ ರೀತಿಗೆ ಬರುತ್ತೇನೆ. ನಾನು ಈ ವಿದ್ಯೆಗೆ ಕಾಲಿಡುವ ಹೊತ್ತಿಗೆ ರಾಬರ್ಟ್ ಬ್ರೂಸ್ ಮೆರಿಫೀಲ್ಡ್ ಅವರ ವಿಧಾನ ಎಲ್ಲೆಡೆ ಹರಡಿತ್ತು. 1963ರಲ್ಲಿ ಅವರು ಸರಪಳಿಯ ಮೊದಲ ಕೊಂಡಿಯನ್ನು ಪಾಲಿಸ್ಟೈರೀನ್‌ನ ಸಣ್ಣ ಮಣಿಗಳಿಗೆ ಕಟ್ಟಿಹಾಕಿದರು. ಆಮೇಲೆ ಒಂದೊಂದೇ ಅಮೈನೋ ಆಮ್ಲ ಸೇರಿಸುವುದು, ಉಳಿದದ್ದನ್ನು ತೊಳೆದುಬಿಡುವುದು. ಸರಪಳಿ ಮಣಿಗೆ ಅಂಟಿರುವುದರಿಂದ ತೊಳೆದರೂ ಕೊಚ್ಚಿಹೋಗದು. 1969ರಲ್ಲಿ ಅವರೂ ಗುಟ್ಟೆಯವರೂ ಸೇರಿ 124 ಕೊಂಡಿಗಳ ರೈಬೋನ್ಯೂಕ್ಲಿಯೇಸ್ ಕಿಣ್ವವನ್ನು ಹೀಗೆಯೇ ಕಟ್ಟಿದರು. ಅದಕ್ಕೆ 369 ರಾಸಾಯನಿಕ ಕ್ರಿಯೆಗಳು ಬೇಕಾದವು.

ಇಲ್ಲಿ ಲೆಕ್ಕ ಕಠಿಣ. ಪ್ರತಿ ಜೋಡಣೆಯೂ ನೂರಕ್ಕೆ 95ರಷ್ಟು ಸರಿಯಾದರೆ ಮೂವತ್ತು ಜೋಡಣೆಯ ಕೊನೆಗೆ ಕೈಗೆ ಸಿಗುವ ಸರಿಯಾದ ಸರಪಳಿ ನೂರಕ್ಕೆ 21 ಮಾತ್ರ. 99 ಆದರೆ 74. ಆ ನಾಲ್ಕು ಅಂಶದ ಸಲುವಾಗಿ ಪೆಪ್ಟೈಡ್ ಕೆಲಸಗಾರರು ಹಗಲಿರುಳು ದುಡಿಯುತ್ತಾರೆ. ಪ್ರತಿ ಜೋಡಣೆಯ ನಂತರ ಕೆಲವು ಮಣಿಗಳನ್ನು ತೆಗೆದು ನಿನ್‌ಹೈಡ್ರಿನ್ ಹಾಕಿ ಬಿಸಿಮಾಡುತ್ತೇವೆ. ನೀಲಿ ಬಂದರೆ ಅಮೈನ್ ಇನ್ನೂ ಬರಿದಾಗಿಯೇ ಇದೆ, ಜೋಡಣೆ ಪೂರ್ತಿಯಾಗಿಲ್ಲ, ಮತ್ತೆ ಮಾಡಬೇಕು. ಹಳದಿಯೇ ಉಳಿದರೆ ಮುಂದಿನ ಕೊಂಡಿಗೆ ಹೋಗಬಹುದು. ಮಸುಕು ನೀಲಿ ಯಾವುದು, ಗಾಜಿನ ನೆರಳು ಯಾವುದು ಎಂಬುದು ಪುಸ್ತಕದಿಂದ ಬರುವುದಿಲ್ಲ. ಹಿರಿಯರ ಪಕ್ಕ ನಿಂತು, ಅದೇ ಪರೀಕ್ಷಾನಳಿಕೆಯನ್ನು ಬೆಳಕಿಗೆ ಹಿಡಿದು, ಕಣ್ಣು ಪಳಗಿಸಿಕೊಳ್ಳಬೇಕು. ನನಗೆ ಗೊತ್ತಿರುವ ರಸಾಯನವಿಜ್ಞಾನದ ಅರ್ಧ ಭಾಗ ಹೀಗೆ ಕಣ್ಣಿನಿಂದ, ಕೈಯಿಂದ ಬಂದದ್ದು.

ಕರ್ನಾಟಕದಲ್ಲಿ ಈ ವಿದ್ಯೆಗೆ ಗುರುಪರಂಪರೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೆ. ಎಂ. ಶಿವಾನಂದಯ್ಯನವರು ಪೆಪ್ಟೈಡ್ ಸಂಶ್ಲೇಷಣೆಯ ನೆಲೆ ಕಟ್ಟಿದರು. ಅಲ್ಲಿಯೇ ವಿ. ವಿ. ಸುರೇಶ್‌ಬಾಬು ಅವರು ಎಫ್‌ಮಾಕ್ ಮುಸುಕು ಹಾಕಿದ ಅಮೈನೋ ಆಮ್ಲಗಳ ಕ್ಲೋರೈಡುಗಳಿಂದ ಸರಪಳಿ ಕಟ್ಟುವ ವಿಧಾನಗಳನ್ನು ಬೆಳೆಸಿದರು. ಅವರಲ್ಲಿ ಕಲಿತ ಎಚ್. ಎನ್. ಗೋಪಿ ಇಂದು ಪುಣೆಯ ಐಸರ್‌ನಲ್ಲಿ ನಿಸರ್ಗದಲ್ಲಿಲ್ಲದ ಗಾಮಾ ಪೆಪ್ಟೈಡ್‌ಗಳನ್ನು ಕಟ್ಟುತ್ತಿದ್ದಾರೆ. ಮಾನಸಗಂಗೋತ್ರಿಯಲ್ಲಿ ಡಿ. ಚನ್ನೇಗೌಡರು. ಅಲಬಾಮಾದಲ್ಲಿ ಡ್ಯಾನ್ ಯೂರಿ ಅವರೊಂದಿಗೆ ಅವರು ಮಾಡಿದ ಕೆಲಸ ಇಲಾಸ್ಟಿನ್ ಮಾದರಿಯ ಪೆಪ್ಟೈಡ್‌ಗಳ ಮೇಲೆ. ತಣ್ಣೀರಿನಲ್ಲಿ ಕರಗಿ, ಬೆಚ್ಚಗಾದೊಡನೆ ಗುಂಪುಗೂಡಿ ಬೇರ್ಪಡುವ ಆ ಸರಪಳಿಗಳು ವಿಸ್ಮಯದವು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಮೈಸೂರಿನಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಮಾಡಿದ ಇನ್ನೊಂದು ಕೆಲಸ. ಬೆಂಜೈಲ್ ಮುಸುಕು ತೆಗೆಯಲು ದುಬಾರಿ ಪಲೇಡಿಯಂ, ಒತ್ತಡದ ಹೈಡ್ರೋಜನ್ ಬೇಕೆಂಬ ನಂಬಿಕೆಯ ಎದುರು ಅವರು ಸತುವಿನ ಪುಡಿ, ಮೆಗ್ನೀಸಿಯಂ, ಅಮೋನಿಯಂ ಫಾರ್ಮೇಟ್ ಇಟ್ಟರು. ಯಾವ ಜಿಲ್ಲಾ ಕೇಂದ್ರದ ಕಾಲೇಜಿಗೂ ಕೈಗೆಟಕುವ ಸಾಮಗ್ರಿ ಅದು.

ಭಾರತೀಯ ವಿಜ್ಞಾನ ಮಂದಿರದ ಕಥೆ ಬೇರೆ ದಿಕ್ಕಿನದು. ಮೆರಿಫೀಲ್ಡ್ ಲೇಖನ ಪ್ರಕಟವಾದ ಅದೇ 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಶಶಿಶೇಖರನ್, ರಾಮಕೃಷ್ಣನ್ ಮೂವರೂ ಸೇರಿ ಪೆಪ್ಟೈಡ್ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬ ನಕ್ಷೆ ಬರೆದರು. ಒಬ್ಬರು ಸರಪಳಿ ಕಟ್ಟುವ ಬಗೆ ಹೇಳಿದರು, ಇವರು ಕಟ್ಟಿದ ಸರಪಳಿ ಮಡಚಿಕೊಳ್ಳುವ ಬಗೆ ಹೇಳಿದರು. ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1973ರಲ್ಲಿ ಆ ವಿಭಾಗಕ್ಕೆ ಪಿ. ಬಲರಾಮ್ ಸೇರಿದರು. ಅವರು ಕೈಗೆತ್ತಿಕೊಂಡದ್ದು ಅಲಮೆಥಿಸಿನ್ ಎಂಬ ಶಿಲೀಂಧ್ರದ ಪೆಪ್ಟೈಡ್, ಅದರಲ್ಲಿ ಹೇರಳವಾಗಿರುವ ಎಐಬಿ ಎಂಬ ಅಮೈನೋ ಆಮ್ಲ. ಅಲನಿನ್‌ನಲ್ಲಿ ಹೈಡ್ರೋಜನ್ ಇರುವಲ್ಲಿ ಎಐಬಿಗೆ ಇನ್ನೊಂದು ಮೀಥೈಲ್ ಗುಂಪಿದೆ. ಅಷ್ಟರಿಂದಲೇ ಅದಕ್ಕೆ ತಿರುಗಲು ಜಾಗ ಕಡಿಮೆಯಾಗಿ, ರಾಮಚಂದ್ರನ್ ನಕ್ಷೆಯಲ್ಲಿ ಸುರುಳಿಯ ಮೂಲೆಗೆ ಹೋಗಿ ಕೂರುತ್ತದೆ. ಬಲರಾಮ್ ಅವರ ಗುಂಪು ಸಣ್ಣ ಸಣ್ಣ ಪೆಪ್ಟೈಡ್ ಕಟ್ಟಿತು, ಎನ್. ಶಾಮಲಾ, ಎಂ. ವಿಜಯನ್, ವಾಷಿಂಗ್ಟನ್ನಿನ ಇಸಬೆಲ್ಲಾ ಕಾರ್ಲ್ ಹರಳುಗಳ ಮೇಲೆ ಎಕ್ಸ್-ಕಿರಣ ಹಾಯಿಸಿ ಆಕಾರ ಕಂಡರು. ವರ್ಷಗಟ್ಟಲೆ ನಡೆದ ಕೆಲಸ. ಇದರಿಂದ ಏನು ಲಾಭ ಎಂದು ಆಗ ಕೇಳಿದ್ದರೆ ಯಾರೂ ಉತ್ತರ ಕೊಡಲು ಆಗುತ್ತಿರಲಿಲ್ಲ.

ಇಂದು ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಜಗತ್ತು ಹುಡುಕುತ್ತಿರುವ ಸೆಮಾಗ್ಲುಟೈಡ್ ಎಂಬ ಔಷಧವಿದೆ. ಮೂವತ್ತೊಂದು ಕೊಂಡಿಗಳ ಪೆಪ್ಟೈಡ್ ಅದು. ಅದರ ಮೂಲವಾದ, ನಮ್ಮ ಕರುಳಿನಲ್ಲೇ ಹುಟ್ಟುವ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ; ಎರಡನೆಯ ಜಾಗದ ಅಲನಿನ್ ಬಳಿ ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ. ಔಷಧದಲ್ಲಿ ಆ ಅಲನಿನ್ ಇದ್ದ ಜಾಗದಲ್ಲಿರುವುದು ಎಐಬಿ. ಕತ್ತರಿ ಅಲ್ಲಿ ಸೋಲುತ್ತದೆ. ಅದರ ಜೊತೆಗೆ ಒಂದು ಉದ್ದನೆಯ ಕೊಬ್ಬಿನಾಮ್ಲದ ಬಾಲವೂ ಇರುವುದರಿಂದ ವಾರಕ್ಕೊಂದು ಚುಚ್ಚುಮದ್ದು ಸಾಕು. ಔಷಧ ಮಾಡಿದ ಕಂಪನಿ ಬೆಂಗಳೂರಿನದಲ್ಲ. ಆ ಹಿರಿಮೆಯನ್ನು ನಾವು ಹೇಳಿಕೊಳ್ಳಬಾರದು. ಆದರೆ ಎಐಬಿಯ ಸ್ವಭಾವವನ್ನು ಜಗತ್ತಿಗೆ ಅಷ್ಟು ವಿವರವಾಗಿ ತಿಳಿಸಿಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಪ್ರಯೋಗಶಾಲೆ ಮುಂಚೂಣಿಯದು.

ಇದೇ ಔಷಧ ನನ್ನ ವೃತ್ತಿಯ ಎರಡು ದಡಗಳನ್ನೂ ಕೂಡಿಸುತ್ತದೆ. ಜೀವಕೋಶದ ಸಂಕೇತದಲ್ಲಿ ಎಐಬಿಗೆ ಪದವೇ ಇಲ್ಲ. ಯಾವ ಸೂಕ್ಷ್ಮಜೀವಿಯೂ ಅದನ್ನು ತಾನಾಗಿ ಸರಪಳಿಗೆ ಸೇರಿಸದು. ಸರಪಳಿಯ ಉದ್ದನೆಯ ಭಾಗವನ್ನು ಯೀಸ್ಟ್ ಕಟ್ಟಿಕೊಡುತ್ತದೆ, ಎಐಬಿ ಇರುವ ತುದಿಯನ್ನು ರಸಾಯನ ವಿಜ್ಞಾನಿ ಜೋಡಿಸುತ್ತಾನೆ. ಈ ಎರಡು ವಿದ್ಯೆಗಳು ಬೇರೆ ಬೇರೆ ಎಂದು ವಿದ್ಯಾರ್ಥಿಗಳು ಭಾವಿಸಬೇಡಿ. ಹರಗೋಬಿಂದ್ ಖೊರಾನಾ ಮೂಲತಃ ರಸಾಯನ ವಿಜ್ಞಾನಿ. ಸುಮಾರು ನೂರು ಜನರಿದ್ದ ಹಳ್ಳಿಯಲ್ಲಿ ಹುಟ್ಟಿ ಮರದ ಕೆಳಗೆ ಮೊದಲ ಪಾಠ ಕಲಿತವರು. ನಾವು ಪೆಪ್ಟೈಡ್‌ಗೆ ಮಾಡುವ ಮುಸುಕಿನ ಕೆಲಸವನ್ನೇ ಅವರು ನ್ಯೂಕ್ಲಿಯೋಟೈಡ್‌ಗಳಿಗೆ ಮಾಡಿ, ತಮಗೆ ಬೇಕಾದ ಕ್ರಮದ ಸರಪಳಿ ಕಟ್ಟಿ, ಸಂಕೇತದ ಯಾವ ಮೂರಕ್ಷರ ಯಾವ ಅಮೈನೋ ಆಮ್ಲಕ್ಕೆ ಎಂದು ತೋರಿಸಿದರು. 1968ರಲ್ಲಿ ನೊಬೆಲ್ ಬಂತು, 1970ರಲ್ಲಿ ಇಡೀ ಒಂದು ಜೀನನ್ನೇ ಕಟ್ಟಿದರು. ಅದೇ ದಾರಿಯಲ್ಲಿ 1977ರಲ್ಲಿ ಇಟಾಕುರಾ, ರಿಗ್ಸ್, ಬಾಯರ್ ಅವರ ತಂಡ ಕೈಯಿಂದ ಕಟ್ಟಿದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟು, ಹದಿನಾಲ್ಕು ಕೊಂಡಿಯ ಸೊಮಾಟೊಸ್ಟ್ಯಾಟಿನ್ ಹಾರ್ಮೋನನ್ನು ಅದರಿಂದ ಮಾಡಿಸಿತು. ಮರುವರ್ಷ ಇನ್ಸುಲಿನ್. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು.

ಈಗ ನನ್ನ ಬೇಡಿಕೆ. ನಮ್ಮ ಸೀಮೆಯ ಎಷ್ಟೋ ಕಡೆ ವಿಜ್ಞಾನ ಓದುವ ಮಕ್ಕಳು ಬ್ಯುರೆಟ್ ಹಿಡಿಯದೆಯೇ ಪದವಿಪೂರ್ವ ಪರೀಕ್ಷೆ ದಾಟುತ್ತಾರೆ. ಅಳತೆಗಳನ್ನು ಹಿಂದಿನ ವರ್ಷದ ರೆಕಾರ್ಡಿನಿಂದ ನಕಲು ಮಾಡುತ್ತಾರೆ. ಪ್ರಯೋಗಶಾಲೆ ಇದೆ, ಬೀಗವೂ ಇದೆ. ಸಹಾಯಕ ಇಲ್ಲ, ಆಮ್ಲ ಖಾಲಿಯಾಗಿದೆ, ಪ್ರವೇಶ ಪರೀಕ್ಷೆಯಲ್ಲಿ ಪ್ರಯೋಗಕ್ಕೆ ಅಂಕವಿಲ್ಲ ಎಂಬ ಕಾರಣಗಳಿವೆ. ಅಧ್ಯಾಪಕರನ್ನು ನಾನು ದೂರುತ್ತಿಲ್ಲ. ಮೂವರ ಕೆಲಸವನ್ನು ಒಬ್ಬರು ಮಾಡುವವರನ್ನು ಕಂಡಿದ್ದೇನೆ. ಆದರೆ ಬಣ್ಣ ತಿರುಗುವ ಕ್ಷಣವನ್ನು ಕಾಣದ ಮಗು ರಸಾಯನಶಾಸ್ತ್ರವನ್ನು ಕಲಿತಿಲ್ಲ, ಅದರ ಬಗ್ಗೆ ಕೇಳಿದೆ ಅಷ್ಟೆ. ನಾನು ಮೇಲೆ ಹೆಸರಿಸಿದವರೆಲ್ಲರೂ ಕೈ ಪಳಗಿಸಿಕೊಂಡವರು.

ಪುಸ್ತಕವೂ ಬೇಕು, ಕನ್ನಡದಲ್ಲೇ ಬೇಕು. ನಮ್ಮ ನೆರೆಯ ಜಗಳೂರಿನಲ್ಲಿ ಹುಟ್ಟಿದ ಜೆ. ಆರ್. ಲಕ್ಷ್ಮಣರಾಯರು ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವನ್ನು ಮನೆಮನೆಯ ಮಕ್ಕಳಿಗೆ ತಲುಪಿಸುವ ಕೆಲಸದಲ್ಲಿ ತೊಡಗಿಸಿಕೊಂಡರು. ಅವರ ಕನ್ನಡದಲ್ಲಿ ಪರಮಾಣು ಪರಕೀಯವಾಗಿ ಕಾಣುವುದಿಲ್ಲ. ಈ ತಾಲ್ಲೂಕುಗಳ ಪ್ರತಿ ಶಾಲೆಯ ಕಪಾಟಿನಲ್ಲಿ ಅವರ ಪುಸ್ತಕಗಳಿರಬೇಕು, ಕಪಾಟು ತೆರೆದಿರಬೇಕು.

ಪ್ರಯೋಗಕ್ಕೆ ವಿಷಯ ಹುಡುಕಿ ದೂರ ಹೋಗಬೇಕಿಲ್ಲ. ಕೂಡ್ಲಿಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನಮ್ಮ ಮಕ್ಕಳ ಹಲ್ಲುಗಳ ಮೇಲೆ, ಹಿರಿಯರ ಮೂಳೆಗಳಲ್ಲಿ ತನ್ನ ಗುರುತು ಬರೆದಿದೆ. ಹೈಡ್ರೋಜನ್ ಫ್ಲೋರೈಡ್ ಬಳಸಿ ಮಣಿಯಿಂದ ಪೆಪ್ಟೈಡ್ ಬಿಡಿಸುವಾಗ ಅದು ಗಾಜನ್ನೇ ತಿನ್ನುತ್ತದೆಂದು ನಾವು ಟೆಫ್ಲಾನ್ ಉಪಕರಣ ಬಳಸುತ್ತೇವೆ. ಆ ಧಾತುವಿನ ಸ್ವಭಾವ ನನಗೆ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಜಿರ್ಕೋನಿಯಂ ಸೇರಿಸಿದ ಕೆಂಪು ದ್ರಾವಣಕ್ಕೆ ನೀರು ಬೆರೆಸಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಇಳಿಯುತ್ತದೆ. ಹನ್ನೊಂದನೆಯ ತರಗತಿಯ ಮಗು ಮಾಡಬಲ್ಲ ಪರೀಕ್ಷೆ ಇದು. ತನ್ನೂರಿನ ಬಾವಿಯ ನೀರನ್ನು ತಾನೇ ಅಳೆದ ಹುಡುಗಿಗೆ ಸರಾಸರಿ, ದೋಷ, ಮರುಪರೀಕ್ಷೆ ಎಂದರೇನೆಂದು ಬೇರೆ ಕಲಿಸಬೇಕಿಲ್ಲ. ಬರೆದ ಸಂಖ್ಯೆ ತಪ್ಪಾದರೆ ಮನೆಯವರು ಕುಡಿಯುವ ನೀರು ತಪ್ಪಾಗುತ್ತದೆಂದು ಅವಳಿಗೆ ತಿಳಿದಿರುತ್ತದೆ.

ಆದ್ದರಿಂದ ಸಮ್ಮೇಳನದ ಮುಂದೆ ಒಂದು ಗೊತ್ತುವಳಿ ಇಡುತ್ತೇನೆ. ಐದೂ ತಾಲ್ಲೂಕುಗಳಲ್ಲಿ ವಿಜ್ಞಾನ ವಿಭಾಗವಿರುವ ಪ್ರತಿ ಪದವಿಪೂರ್ವ ಕಾಲೇಜಿನಲ್ಲಿ ವಾರಕ್ಕೆ ಒಂದು ಪೂರ್ತಿ ಅಪರಾಹ್ನ ಪ್ರಯೋಗಶಾಲೆ ತೆರೆದಿರಬೇಕು. ಅಲ್ಲಿ ನಿಲ್ಲಲು ನಿವೃತ್ತ ಅಧ್ಯಾಪಕರು, ಔಷಧ ಕಂಪನಿಗಳಲ್ಲಿ ದುಡಿದು ಊರಿಗೆ ಮರಳಿದವರು ಮುಂದೆ ಬರಬೇಕು. ಮೊದಲ ವರ್ಷದ ಕೆಲಸ ಕೊಳವೆಬಾವಿಗಳ ಫ್ಲೋರೈಡ್ ನಕ್ಷೆ. ಅದು ಗ್ರಾಮ ಪಂಚಾಯಿತಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು. ನಿಲ್ಲುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ. ಸೂಚಿಸಿದ್ದೇನೆ, ಅನುಮೋದಿಸುವ ಅಧ್ಯಾಪಕರು ದಯವಿಟ್ಟು ಕೈ ಎತ್ತಿ, ಹೆಸರು ಮತ್ತು ಕಾಲೇಜು ಬರೆಸಿರಿ.